ಸಮುದ್ರ ರಿಪೇರಿಯವನ ‘ಬರ್ತೇನೆ’

ನಾನು ಬರೆದ ಒಂದು ಶಬ್ದವನ್ನು ಓದಿ ಪೋರ್ಚುಗಲ್‌ನಲ್ಲಿ ಒಬ್ಬ ಮನುಷ್ಯ ಕೇಕ್ ಕತ್ತರಿಸಿದ್ದಾನೆ.

ಸುಳ್ಳಲ್ಲ, ಫೋಟೋ ನೋಡಿದ್ದೇನೆ. ಬಿಳಿ ಗಡ್ಡ, ಕೈಯಲ್ಲಿ ಚಾಕು, ಎದುರಿಗೆ ದೋಣಿಯ ಆಕಾರದ ಕೇಕು. ಇಷ್ಟು ವರ್ಷಗಳಿಂದ ವಾರ ವಾರವೂ ಇದೇ ಜಾಗದಲ್ಲಿ ನಿಮ್ಮ ತಲೆ ತಿನ್ನುತ್ತಿದ್ದೇನೆ. ನನ್ನ ಬರಹ ಓದಿ ಖುಷಿಯಿಂದ ಯಾರಾದರೂ ಒಂದು ಬಿಸ್ಕತ್ತು ಮುರಿದದ್ದುಂಟೇ? (ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಒಮ್ಮೆ ಪೇಪರಿನಲ್ಲಿ ನನ್ನ ಫೋಟೋ ನೋಡಿ, "ಪಾನಿ ಕೆ ಬಾರೇ ಮೇ ಕುಛ್ ಲಿಖಾ ಕ್ಯಾ ಮೇಡಂ?" ಎಂದು, ಬಿಲ್ಡಿಂಗಿನ ನೀರಿನ ಬಗ್ಗೆ ಬರೆದುಬಿಟ್ಟೆನೇನೋ ಎಂಬ ಗಾಬರಿಯಿಂದ ಕೇಳಿದ್ದರು. ಓದುಗರಿಂದ ನನಗೆ ಸಿಕ್ಕಿರುವ ದೊಡ್ಡ ಪ್ರತಿಕ್ರಿಯೆ ಅದೇ.) ಅಂಥದ್ದರಲ್ಲಿ ಕಾಣದ ದೇಶದಲ್ಲಿ ಕೇಕ್!

ಯಾವುದು ಆ ಶಬ್ದ? ನೀವು ದಿನಕ್ಕೆ ನಾಲ್ಕು ಸಲ ಹೇಳುವಂಥದ್ದೇ. ‘ಬರ್ತೇನೆ.’

ಹೆಮ್ಮೆ ಪಡುತ್ತಿದ್ದೇನೆ ಅಂದುಕೊಳ್ಳಬೇಡಿ. ಇದು ತಪ್ಪೊಪ್ಪಿಗೆ.

ಸುಧೀರ ನನ್ನ ಹಳೆಯ ವಿದ್ಯಾರ್ಥಿ. ಮುಂಬಯಿಯ ಬೈಕುಲ್ಲಾದಲ್ಲಿ ಮಾರ್ಕೆಟ್ಟಿನ ಹಿಂದೆ ಒಂದು ಮುನಿಸಿಪಾಲಿಟಿ ಶಾಲೆಯಿತ್ತು. ಅದರ ಎರಡನೇ ಮಾಳಿಗೆಯಲ್ಲಿ ಕನ್ನಡ ಮೀಡಿಯಂ. ಐದನೇ ಕ್ಲಾಸಿಗೆ ನಾನು ಟೀಚರ್. ಅವನ ಅಪ್ಪ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಕೌಂಟರಿಗೆ ಕೂರುತ್ತಿದ್ದರು. ಈಗ ಸುಧೀರನಿಗೇ ನಲವತ್ತು ದಾಟಿದೆ. ತಲೆಯ ಮೇಲೆ ಕೂದಲು ಕಡಿಮೆ, ಮೂಗಿನ ಮೇಲೆ ದಪ್ಪ ಕನ್ನಡಕ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪ್ಯಾಕಿಂಗ್ ಮಷಿನುಗಳಿಗೆ ಪ್ರೋಗ್ರಾಂ ಬರೆಯುವ ಕೆಲಸ. ರಿಟೈರ್ ಆಗಿ ನಾನು ಕಾಂದಿವಲಿಗೆ ಬಂದ ಹೊಸತರಲ್ಲಿ ತರಕಾರಿ ಗಾಡಿಯ ಮುಂದೆ ಸಿಕ್ಕಿದ. "ಟೀಚರ್!" ಎಂದು ಅವನು ಕೂಗಿದ ರಭಸಕ್ಕೆ ನಾನು ಆರಿಸಿಟ್ಟ ಬೆಂಡೆಕಾಯಿಯೆಲ್ಲ ನೆಲಕ್ಕೆ ಬಿತ್ತು.

ಅವನಿಗೆ ಇನ್ನೊಂದು ಕೆಲಸವೂ ಇತ್ತು. ಸಂಬಳವಿಲ್ಲದ್ದು. ಒಂದು ಹಳೆಯ ಕಂಪ್ಯೂಟರ್ ಆಟವನ್ನು ಜೀವಂತವಾಗಿ ಇಟ್ಟುಕೊಳ್ಳುವುದು.

ವಿಡಿಯೋ ಗೇಮ್ ಎಂದ ಕೂಡಲೇ ನಾನು ಮೂಗು ಮುರಿದಿದ್ದೆ. ಢಂ ಢುಂ, ಬಂದೂಕು, ರಕ್ತ. ಇನ್ನೇನಿರುತ್ತದೆ ಅದರಲ್ಲಿ? "ಹಾಗಲ್ಲ ಟೀಚರ್, ಒಮ್ಮೆ ನೋಡಿ ನೀವು" ಎಂದು ಒಂದು ಭಾನುವಾರ ಮನೆಗೆ ಕರೆದು ತೋರಿಸಿದ. ಅದೊಂದು ಬಂದರು. ನಿಮಗೊಂದು ಸಣ್ಣ ದೋಣಿ. ಬೆಳಿಗ್ಗೆ ಅದನ್ನು ನೀರಿಗೆ ಇಳಿಸಬೇಕು, ಬಲೆ ಬೀಸಬೇಕು, ಸಿಕ್ಕಿದ ಮೀನನ್ನು ತಂದು ಮಾರಬೇಕು. ಪಕ್ಕದ ದೋಣಿಯಲ್ಲಿ ಕಾಣುವವನು ನಿಜವಾದ ಮನುಷ್ಯ, ಯಾವುದೋ ದೇಶದಲ್ಲಿ ತನ್ನ ಮನೆಯಲ್ಲಿ ಕೂತು ಆಡುತ್ತಿರುವವನು. ಅವನಿಗೆ ಕೈ ಬೀಸಬಹುದು, ಸುಖದುಃಖ ಕೇಳಬಹುದು.

"ಇದರಲ್ಲಿ ಗೆಲ್ಲುವುದು ಹೇಗೆ?" ಎಂದು ಕೇಳಿದೆ.

"ಗೆಲ್ಲುವುದು ಅಂತ ಇಲ್ಲ ಟೀಚರ್. ಹೋಗುವುದು, ಬರುವುದು. ಅಷ್ಟೇ."

ಆವತ್ತಿನಿಂದ ನನಗೆ ಆ ಆಟದ ಮೇಲೆ ಸ್ವಲ್ಪ ಗೌರವ.

ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತು. ಹೋಗುವಾಗ, ಯಾರಿಗಾದರೂ ಬೇಕಿದ್ದರೆ ನೋಡಿಕೊಳ್ಳಿ ಎಂದು ಆಟದ ಒಳಗಿನ ಕೋಡನ್ನೆಲ್ಲ ಬಿಟ್ಟುಹೋಯಿತು. ನೋಡಿಕೊಂಡವನು ಸುಧೀರ. ಹದಿನಾಲ್ಕು ವರ್ಷ. ನೋಡಿಕೊಳ್ಳುವುದೆಂದರೇನು? ಕಂಪ್ಯೂಟರಿಗೆ ಹೊಸ ವಿಂಡೋಸ್ ಬಂದಾಗಲೆಲ್ಲ ಈ ಮುದಿ ಆಟಕ್ಕೆ ಏನಾದರೊಂದು ಕಾಯಿಲೆ. ಒಮ್ಮೆ ದೋಣಿಗಳೆಲ್ಲ ಗಾಳಿಯಲ್ಲಿ ತೇಲತೊಡಗಿದವಂತೆ. ಇನ್ನೊಮ್ಮೆ ಇಡೀ ಸಮುದ್ರವೇ ಕಪ್ಪಾಯಿತು. ಅದಕ್ಕೆ ಮತ್ತೆ ನೀಲಿ ಬರಿಸಲು ಮೂರು ಭಾನುವಾರ ಹಿಡಿಯಿತು.

"ನಮ್ಮ ಬಾತ್‌ರೂಮಿನ ನಳ ಸೋರ್ತಾ ಉಂಟು, ಇವರು ಸಮುದ್ರ ರಿಪೇರಿ ಮಾಡ್ತಾ ಕೂತಿದ್ದಾರೆ" ಎಂದು ಅವನ ಹೆಂಡತಿ ವಿದ್ಯಾ ನನ್ನಲ್ಲಿ ದೂರಿದ್ದಳು. "ಇಷ್ಟು ವರ್ಷದಲ್ಲಿ ಆ ದೋಣಿ ನಮ್ಮ ಮನೆಗೆ ಒಂದು ಬಂಗಡೆ ತಂದಿಲ್ಲ ಟೀಚರ್!"

ಸುಧೀರ ಆ ಆಟಕ್ಕೆ ತನ್ನದೇ ಒಂದು ನಿಯಮವನ್ನೂ ಸೇರಿಸಿದ್ದ. ಜೂನ್ ಬಂತೆಂದರೆ ದೋಣಿಗಳೆಲ್ಲ ದಡಕ್ಕೆ. ಮಳೆಗಾಲದಲ್ಲಿ ಮೀನು ಹಿಡಿಯುವಂತಿಲ್ಲ. ಶ್ರಾವಣದ ನಾರಳಿ ಪೂರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಮತ್ತೆ ನೀರಿಗೆ. ನಮ್ಮ ಕರಾವಳಿಯವರಿಗೆ, ಇಲ್ಲಿಯ ಕೋಳಿಗಳಿಗೆ ಇದು ಹೊಸತೇ? (ಹೊರಗಿನವರಿಗೆ ಹೇಳಬೇಕು: ಕೋಳಿ ಎಂದರೆ ಮುಂಬಯಿಯ ಮೀನುಗಾರರು, ಕೊಕ್ಕೊಕ್ಕೋ ಅಲ್ಲ.) ಆದರೆ ದೂರ ದೇಶದ ಆಟಗಾರರು ಮೊದಲು ಕಿರಿಚಾಡಿದರಂತೆ. ಆಟದಲ್ಲಿ ಎಂಥ ರಜೆ? ನಮ್ಮಲ್ಲಿ ಬಿಸಿಲಿದೆ, ನಮಗೇಕೆ ನಿಮ್ಮ ಮಳೆ? ಆಮೇಲೆ ನಿಧಾನಕ್ಕೆ ಅಭ್ಯಾಸವಾಯಿತು. ಆ ದಿನಗಳಲ್ಲಿ ಎಲ್ಲರೂ ದಡದಲ್ಲಿ ಕೂತು ಬಲೆ ಹೊಲಿಯುತ್ತಾರೆ, ಹರಟೆ ಹೊಡೆಯುತ್ತಾರೆ. ಈಗ ಅವರಿಗೆ ವರ್ಷದಲ್ಲಿ ಅದೇ ಇಷ್ಟದ ಕಾಲವಂತೆ. ಪೋರ್ಚುಗಲ್‌ನ ಆ ಗಡ್ಡದವನಿಗೆ ನಾರಳಿ ಪೂರ್ಣಿಮೆ ಯಾವತ್ತು ಎಂದು ನೋಡದೆ ಹೇಳಲು ಬರುತ್ತದೆ. ನನಗೆ ಬರುವುದಿಲ್ಲ.

ಅಲ್ಲಿ ಸುಧೀರನಿಗೆ ತಾಂಡೇಲ ಎಂದೇ ಹೆಸರು. ದೋಣಿ ನಡೆಸುವ ಹಿರಿಯನನ್ನು ಕರೆಯುವುದು ಹಾಗೆ. ಅವನ ಅಜ್ಜ ಊರಿನಲ್ಲಿ ನಿಜವಾದ ತಾಂಡೇಲರಾಗಿದ್ದರು. ಅಪ್ಪ ದೋಣಿ ಬಿಟ್ಟು ಮುಂಬಯಿ ಹೋಟೆಲಿಗೆ ಬಂದರು. ಸುಧೀರ ಹುಟ್ಟಿದ್ದು ಇಲ್ಲೇ, ಚಾಳಿನಲ್ಲಿ. ಮೀನು ಹಿಡಿಯುವ ದೋಣಿಯಲ್ಲಿ ಒಮ್ಮೆಯೂ ಕೂತವನಲ್ಲ.

ಈ ಮೇ ತಿಂಗಳ ಕೊನೆಗೆ ಸುಧೀರ ಗೋಳಿಬಜೆ ಕಟ್ಟಿಸಿಕೊಂಡು ನನ್ನ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತ. ಹೋಂವರ್ಕ್ ಮಾಡದೆ ಬಂದ ದಿನ ಕೂರುತ್ತಿದ್ದದ್ದೂ ಹೀಗೆಯೇ.

"ಟೀಚರ್, ನಾನು ಬಿಡ್ತಾ ಇದ್ದೇನೆ. ಆಟ."

"ಯಾಕೆ? ವಿದ್ಯಾ ಜಗಳ ಮಾಡಿದಳಾ?"

"ಇಲ್ಲ ಟೀಚರ್. ಮೊನ್ನೆ ಸಂಡೇ ಏನೋ ಸರಿ ಮಾಡ್ತಾ ಇದ್ದೆ. ಆಗ ಏಕ್‌ದಮ್ ಗೊತ್ತಾಯ್ತು, ನಾನು ದೋಣಿ ಇಳಿಸದೆ ಆರು ವರ್ಷ ಆಯ್ತು. ಅವರೆಲ್ಲ ಮೀನಿಗೆ ಹೋಗ್ತಾರೆ. ನಾನು ದಡದಲ್ಲಿ ಕೂತು ಸ್ಕ್ರೂ ಟೈಟ್ ಮಾಡ್ತೇನೆ. ರಿಪೇರಿ, ರಿಪೇರಿ, ಬಸ್." ಗೋಳಿಬಜೆಯ ಪೊಟ್ಟಣವನ್ನು ನನ್ನ ಕಡೆಗೆ ಸರಿಸಿದ. "ಥಕ್ ಗಯಾ ಟೀಚರ್, ಸುಸ್ತಾಗಿದೆ."

ಇಷ್ಟಪಟ್ಟದ್ದನ್ನು ನೋಡಿಕೊಳ್ಳುತ್ತ ನೋಡಿಕೊಳ್ಳುತ್ತ ಇಷ್ಟವೇ ಎಲ್ಲೋ ಜಾರಿಹೋಗುವುದು ನಮಗೆಲ್ಲ ಗೊತ್ತಿರುವ ಸಂಗತಿ. ಹಾಡಲು ಬರುತ್ತಿದ್ದವರು ಸಂಗೀತ ಸಭಾದ ಕಾರ್ಯದರ್ಶಿಯಾದ ಮೇಲೆ ಹಾಡುತ್ತಾರೆಯೇ? ಕುರ್ಚಿ ಹಾಕಿಸುವುದರಲ್ಲೇ ಆಯುಷ್ಯ ಮುಗಿಯುತ್ತದೆ.

ಅವನಿಗೆ ನನ್ನಿಂದ ಬೇಕಾಗಿದ್ದದ್ದು ಬೇರೆ. ಆ ಬಂದರಿನಲ್ಲಿ ಒಂದು ಪದ್ಧತಿಯಂತೆ. ಆಟ ಬಿಟ್ಟು ಹೋಗುವವರು ವಿದಾಯದ ಪತ್ರವನ್ನು ತಮ್ಮ ತಮ್ಮ ಭಾಷೆಯಲ್ಲಿ ಬರೆಯಬೇಕು. ಉಳಿದವರು ಒಂದು ಬಟನ್ ಒತ್ತಿ ತಮ್ಮ ಭಾಷೆಗೆ ಮಾಡಿಕೊಂಡು ಓದುತ್ತಾರೆ. "ಹದಿನಾಲ್ಕು ವರ್ಷ ಇಂಗ್ಲಿಷಲ್ಲೇ ಬರೆದೆ ಟೀಚರ್. ಕೊನೇದು ಕನ್ನಡದಲ್ಲಿ ಬೇಕು. ನಂಗೆ ಬರೆಯೋಕೆ ಆಗಲ್ಲ, ಒತ್ತು ಎಲ್ಲಿ ಕೊಡೋದು ಅಂತಾನೇ ಮರ್ತುಹೋಗಿದೆ. ನೀವು ಬರೆದುಕೊಡಿ."

ಕನ್ನಡ ಟೀಚರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೇ? ಶಾಲು ಬೇಡ, ಹಾರ ಬೇಡ. ಇಡೀ ಮಧ್ಯಾಹ್ನ ಕೂತು ಬರೆದೆ. ಅಜ್ಜನ ದೋಣಿ ಬಂತು, ಕಪ್ಪಾದ ಸಮುದ್ರ ಬಂತು, ಈ ಕೆಲಸವನ್ನು ಯಾರಾದರೂ ವಹಿಸಿಕೊಳ್ಳಿ ಎಂಬ ಕೋರಿಕೆಯೂ ಬಂತು. ಕೊನೆಯ ಸಾಲು ಹೀಗಿತ್ತು: ‘ಹಾಗಾದರೆ, ನಾನಿನ್ನು ಬರ್ತೇನೆ.’ ಓದಿಕೊಂಡು ನಾನೇ ಕಣ್ಣು ಒರೆಸಿಕೊಂಡೆ. ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದು. (ನಗಬೇಡಿ. ಬರೆಯುವವರೆಲ್ಲ ಹೀಗೆಯೇ.)

ಕಳೆದ ಭಾನುವಾರ ಬೆಳಿಗ್ಗೆ ಸುಧೀರನ ಫೋನು. "ಟೀಚರ್, ಲೋಚಾ ಹೋ ಗಯಾ, ಎಡವಟ್ಟಾಯ್ತು." ತಾನೇ ಬರುತ್ತೇನೆ ಎಂದ. ಕಂಪ್ಯೂಟರ್ ಅವನ ಮನೆಯಲ್ಲಿರುವಾಗ ಅವನು ಬಂದು ಏನು ಮಾಡುವುದು? ಮಳೆಯಲ್ಲೇ ಕೊಡೆ ಹಿಡಿದು ನಾನೇ ಹೋದೆ.

ಆಗಿದ್ದದ್ದು ಇಷ್ಟು. ಬಟನ್ ಒತ್ತಿದವರಿಗೆಲ್ಲ ನನ್ನ ಕೊನೆಯ ಸಾಲು ಅವರವರ ಭಾಷೆಯಲ್ಲಿ ಹೀಗೆ ಕಂಡಿತ್ತು: ‘ಹಾಗಾದರೆ, ನಾನು ಬರುತ್ತೇನೆ.’ ಮಷಿನ್ ಮಾಡಿದ್ದು ತಪ್ಪೇ? ನಾನು ಬರೆದದ್ದನ್ನೇ ಹೇಳಿತು. ಪತ್ರ ಹೋದದ್ದು ಜೂನ್ ಹುಟ್ಟುವಾಗ, ದೋಣಿಗಳು ದಡಕ್ಕೆ ಬರುವ ಹೊತ್ತಿಗೆ ಸರಿಯಾಗಿ. ಅವರು ಅರ್ಥ ಮಾಡಿಕೊಂಡದ್ದೂ ನ್ಯಾಯವೇ. ಪಾಪ, ತಾಂಡೇಲ ದಣಿದಿದ್ದಾನೆ, ಮಳೆಗಾಲದ ರಜೆ ಹಾಕುತ್ತಿದ್ದಾನೆ, ಕೆಲಸ ವಹಿಸಿಕೊಳ್ಳಿ ಎಂದದ್ದು ಅಷ್ಟು ದಿನಕ್ಕೇ, ಪೂರ್ಣಿಮೆಗೆ ಬರುತ್ತಾನೆ. ಇಂಗ್ಲಿಷ್ ಬಿಟ್ಟು ತನ್ನ ಭಾಷೆಯಲ್ಲಿ ಬರೆದದ್ದು ಕಂಡು, ಬಿಡುತ್ತಾನೇನೋ ಎಂದು ಹೆದರಿದ್ದವರಿಗೆ ಜೀವ ಬಂತು. ಗಡ್ಡದವನು ಕೇಕ್ ತಂದ.

ನಾನು ಜೋರಾಗಿ ನಕ್ಕೆ. ವಿದ್ಯಾ ನಕ್ಕಳು. ಸುಧೀರ ನಗಲಿಲ್ಲ.

"ಮುಂದಿನ ತಿಂಗಳು ವಿಂಡೋಸಿನ ಹೊಸ ಅಪ್‌ಡೇಟ್ ಬರ್ತದೆ ಟೀಚರ್. ಈ ಸಲ ಆಟ ಸ್ಟಾರ್ಟೇ ಆಗ್ಲಿಕ್ಕಿಲ್ಲ. ಯಾರಾದರೂ ಈಗಲೇ ಕೆಲಸ ಕಲೀಬೇಕು, ಕಲಿಸ್ಲಿಕ್ಕೆ ನಾನು ರೆಡಿ. ಆದರೆ ಯಾರೂ ಮುಂದೆ ಬರ್ತಾ ಇಲ್ಲ." ಫಿಲಿಪೀನ್ಸಿನ ಒಬ್ಬ ಹೆಂಗಸು ಕನ್ನಡ ಅಕ್ಷರ ಕಂಡಾಗಲೇ, ಇದು ವಿದಾಯ ಎಂದುಕೊಂಡು, ತಾನು ವಹಿಸಿಕೊಳ್ಳುತ್ತೇನೆ ಎಂದಿದ್ದಳಂತೆ. ಬಟನ್ ಒತ್ತಿ ಓದಿದ ಮೇಲೆ ಹಿಂದೆ ಸರಿದಳು. ತಾಂಡೇಲ ಬರುತ್ತಾನಲ್ಲ, ಅವನ ಜಾಗದಲ್ಲಿ ನಾನು ಕೂರುವುದು ಮರ್ಯಾದೆಯಲ್ಲ ಎಂದು ಬರೆದಿದ್ದಳು.

"ಹಾಗಾದರೆ ಬರುವುದಿಲ್ಲ ಅಂತ ಹೇಳಿಬಿಡು ಮಾರಾಯ!"

"ಟೈಪ್ ಮಾಡಿದೆ ಟೀಚರ್, ಇಂಗ್ಲಿಷಲ್ಲಿ. ಡಿಲೀಟ್ ಮಾಡಿದೆ. ಮತ್ತೆ ಮಾಡಿದೆ. ಕೈ ಬರ್ತಾ ಇಲ್ಲ."

"ಹೋಗ್ತೇನೆ ಅಂತ ಬರೀಬೇಡಿ ಮಾತ್ರ" ಎಂದು ವಿದ್ಯಾ ಅಡುಗೆಮನೆಯ ಬಾಗಿಲಿನಿಂದಲೇ ಹೇಳಿದಳು. "ಆ ಶಬ್ದ ಒಳ್ಳೇದಲ್ಲ."

ಒಳ್ಳೆಯದಲ್ಲ, ನಿಜ. ಸಣ್ಣವಳಿರುವಾಗ ನಾನೊಮ್ಮೆ ಬಾಯಿ ತಪ್ಪಿ ಹೊಸಿಲ ಮೇಲೆ ನಿಂತು "ಹೋಗ್ತೇನೆ" ಎಂದದ್ದಕ್ಕೆ ಅಮ್ಮ ವಾಪಸ್ ಕರೆದು, ಕೂರಿಸಿ, ನೀರು ಕುಡಿಸಿ, "ಬರ್ತೇನೆ" ಎನ್ನಿಸಿ ಕಳಿಸಿದ್ದಳು. ತುಳುವಿನಲ್ಲಿಯೂ ಹೋಗಿ ಬರುವುದೇ. ನನ್ನ ಪಕ್ಕದ ಮನೆಯ ಮರಾಠಿ ತಾಯಿ ಕೂಡ ಹೊರಡುವಾಗ ‘ಯೇತೆ’, ಬರುತ್ತೇನೆ, ಎಂದೇ ಹೇಳುತ್ತಾರೆ. ನಾವು ಯಾರೂ ಯಾರಿಂದಲೂ ಹೋಗುವುದೇ ಇಲ್ಲ. ಎಲ್ಲರೂ ಬರುತ್ತಲೇ ಇರುತ್ತೇವೆ. ಎಂಥ ಚಂದದ ವ್ಯವಸ್ಥೆ!

"ಅವರಿಗೆ ನಮ್ಮ ಮಾತಿನ ರೀತಿ ಗೊತ್ತಿಲ್ಲ, ಅಷ್ಟೆ" ಎಂದೆ, ಸಮಾಧಾನಕ್ಕೆ. "ಬರ್ತೇನೆ ಅಂದರೆ ಬರುತ್ತಾರೆ ಅಂತ ನಮ್ಮಲ್ಲಿ ಯಾರು ಕಾದು ಕೂರುತ್ತಾರೆ ಹೇಳು?"

ಸುಧೀರ ಕಂಪ್ಯೂಟರಿನ ಕಡೆಯೇ ನೋಡುತ್ತಿದ್ದ.

"ನಾನು ಕಾದಿದ್ದೆ ಟೀಚರ್."

ನನಗೆ ಅರ್ಥವಾಗಲಿಲ್ಲ.

"ನಿಮಗೆ. ಐದನೇ ಕ್ಲಾಸಲ್ಲಿ. ಶನಿವಾರ ಅರ್ಧ ದಿನದ ಸ್ಕೂಲು. ನೀವು ಬ್ಯಾಗ್ ತಗೊಂಡು ಬಾಗಿಲ ಹತ್ರ ನಿಂತು ‘ಬರ್ತೇನೆ ಮಕ್ಕಳೇ’ ಅಂದ್ರಿ. ಸೋಮವಾರ ಬೇರೆ ಟೀಚರ್ ಬಂದ್ರು."

ಬೇರೆ ಶಾಲೆಗೆ ವರ್ಗವಾಗಿತ್ತು ನನಗೆ, ವರ್ಷದ ನಡುವೆ, ಶ್ರಾವಣದಲ್ಲಿ. ಹೇಳಿದರೆ ಮಕ್ಕಳು ಅಳುತ್ತಾರೆ ಎಂದು ಹೇಳಿರಲಿಲ್ಲ. (ನಿಜ ಹೇಳಬೇಕೆಂದರೆ, ನಾನು ಅಳುತ್ತೇನೆ ಎಂದು.)

"ನಿಮ್ಮ ಕುರ್ಚಿ ಮೇಲೆ ನಾವು ಭಾರತದ ನಕ್ಷೆ ಸುತ್ತಿ ಇಟ್ಟಿದ್ದೆವು. ಹೊಸ ಟೀಚರ್ ಕೂರೋಕೆ ಹೋದ್ರೆ, ‘ಅದು ನಮ್ಮ ಟೀಚರ್‌ದು, ಅವರು ಬರ್ತಾರೆ’ ಅಂತ ನಾನೇ ಎದ್ದು ನಿಂತು ಹೇಳಿದೆ. ಅವರು ಆ ನಕ್ಷೆ ಮುಟ್ಟಲಿಲ್ಲ. ದಿವಾಲಿ ರಜೆವರೆಗೆ ನಿಂತ್ಕೊಂಡೇ ಪಾಠ ಮಾಡಿದ್ರು." ಕನ್ನಡಕ ತೆಗೆದು ಬನಿಯನ್ನಿಗೆ ಒರೆಸಿದ. "ಒಳ್ಳೆಯವರು ಇದ್ರು ಟೀಚರ್. ನಾವೇ ಅವರ ಹತ್ರ ಏನೂ ಕಲೀಲಿಲ್ಲ."

ಅಡುಗೆಮನೆಯಲ್ಲಿ ವಿದ್ಯಾಳ ಮಿಕ್ಸಿ ನಿಂತಿತು. 

ಆ ಹೊಸ ಟೀಚರ್ ಯಾರು? ಅವರ ಹೆಸರೂ ನನಗೆ ಗೊತ್ತಿಲ್ಲ. ಶ್ರಾವಣದಿಂದ ದೀಪಾವಳಿಯವರೆಗೆ ಒಬ್ಬ ಹೆಣ್ಣುಮಗಳು ಕಾಲು ನೋಯಿಸಿಕೊಂಡು ನಿಂತಿದ್ದಳು, ನಾನು ಬಾಗಿಲಲ್ಲಿ ನಿಂತು ಒಂದು ಸಿಹಿ ಮಾತು ಹೇಳಿ ಹೋದ ತಪ್ಪಿಗೆ. ನಾನು ಬರಲು ಪ್ರಯತ್ನಿಸಲಿಲ್ಲ ಎಂದಲ್ಲ. ಆಮೇಲೆ ಒಮ್ಮೆ ಬೈಕುಲ್ಲಾ ಸ್ಟೇಷನ್ನಿನಲ್ಲಿ ಇಳಿದೆ. ಶಾಲೆಯ ಮೆಟ್ಟಿಲಿನ ತನಕ ಹೋದೆ. ಮೇಲಿನಿಂದ ಮಗ್ಗಿ ಹೇಳುವ ದನಿ ಕೇಳುತ್ತಿತ್ತು. ಇವತ್ತು ಬೇಡ, ಇನ್ನೊಮ್ಮೆ ಬರುತ್ತೇನೆ ಎಂದುಕೊಂಡು ಮಾರ್ಕೆಟ್ಟಿನಲ್ಲಿ ಈರುಳ್ಳಿ ತೆಗೆದುಕೊಂಡು ಲೋಕಲ್ ಹತ್ತಿದೆ. ಆ ಇನ್ನೊಮ್ಮೆ ಬರಲೇ ಇಲ್ಲ. ಈಗ ಅಲ್ಲಿ ಕನ್ನಡ ಮೀಡಿಯಂ ಇಲ್ಲ. ಮಕ್ಕಳು ಬರುವುದು ನಿಂತು ಮುಚ್ಚಿದರು.

ನನಗೆ ಆ ಎರಡನೇ ಮಾಳಿಗೆ ಈಗಲೂ ಬೇಕು. ಕಿಟಕಿಯಿಂದ ಬರುತ್ತಿದ್ದ ಮಾರ್ಕೆಟ್ಟಿನ ಗಲಾಟೆ, ಸೀಮೆಸುಣ್ಣದ ಧೂಳು, ‘ಳ’ ಬರೆಯಲು ಬಾರದೆ ನಾಲಗೆ ಹೊರಗೆ ಹಾಕಿ ಕೂತ ಸುಧೀರ, ಎಲ್ಲ ಬೇಕು. ಇದನ್ನು ಯಾರಿಗೆ ಹೇಳುವುದು? ನಿಮಗೆ ಹೇಳುತ್ತಿದ್ದೇನೆ.

"ಪೆನ್ನು ಕೊಡು" ಎಂದೆ.

ಈ ಸಲ ಮಧ್ಯಾಹ್ನವೆಲ್ಲ ಬೇಕಾಗಲಿಲ್ಲ. ನಾಲ್ಕೇ ಸಾಲು. ‘ನಾನು ಹೋಗುತ್ತಿದ್ದೇನೆ. ಈ ಕೆಲಸಕ್ಕೆ ಮತ್ತೆ ಬರುವುದಿಲ್ಲ. ನನ್ನ ಕುರ್ಚಿ ಖಾಲಿಯಿದೆ. ಕಾಯಬೇಡಿ, ಯಾರಾದರೂ ಕೂರಿ.’ ಅರವತ್ತು ದಾಟಿದ ಮೇಲೆ ಮೊದಲ ಸಲ ‘ಹೋಗುತ್ತಿದ್ದೇನೆ’ ಎಂದು ಬರೆದೆ. ಅಮ್ಮ ಎಲ್ಲಿಂದಲೋ ನೀರಿನ ಲೋಟ ಹಿಡಿದು ಬರುತ್ತಾಳೆ ಅನ್ನಿಸಿತು.

ವಿದ್ಯಾ ಬಗ್ಗಿ ಓದಿದಳು. "ಕೊನೆಗೆ ಒಂದು ‘ಒಳ್ಳೇದಾಗಲಿ’ ಆದರೂ ಹಾಕಿ ಟೀಚರ್." ಹಾಕಿದೆ.

ಸುಧೀರ ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದ. ಎರಡು ಕಡೆ ಒತ್ತು ತಪ್ಪಿತು, ತಿದ್ದಿಸಿದೆ. ಕಳಿಸಿದ. ನಾವು ಮೂವರೂ ಚಹಾ ಹಿಡಿದು ಆ ಪರದೆಯ ಮುಂದೆ ಕೂತೆವು. ಮೊದಲು ಬಂದದ್ದು ಗಡ್ಡದವನ ಉತ್ತರ. ‘ಕೇಕ್ ತಿಂದಾಯಿತು. ವಾಪಸ್ ಕೊಡುವುದಿಲ್ಲ.’ ಅದರ ಕೆಳಗೆ ಇನ್ನೊಂದು ಸಾಲು: ‘ಹೇಳಿದ್ದು ಒಳ್ಳೆಯದಾಯಿತು.’ ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಚಹಾ ತಣ್ಣಗಾಯಿತು. ಕೊನೆಗೆ ಫಿಲಿಪೀನ್ಸಿನ ಹೆಂಗಸು ಬರೆದಳು. ‘ಕಲಿಸು. ನಾನು ನೋಡಿಕೊಳ್ಳುತ್ತೇನೆ. ಮಳೆಗಾಲದ ನಿಯಮ ತೆಗೆಯುವುದಿಲ್ಲ, ಹೆದರಬೇಡ.’

ಸುಧೀರ ಆಟ ತೆರೆದ. ಬಂದರಿನಲ್ಲಿಯೂ ಮಳೆ. ದಡದ ಮೇಲೆ ಸಾಲಾಗಿ ದೋಣಿಗಳು. ಕೊನೆಯಲ್ಲಿ ಅವನದು, ಅಜ್ಜನ ಹೆಸರು ಬರೆದದ್ದು. ಆರು ವರ್ಷ ಮುಟ್ಟದ ದೋಣಿ. ಬಲೆ ಹರಿದು ಚಿಂದಿಯಾಗಿರಬೇಕಿತ್ತು. ಅವನು ಹತ್ತಿರ ಹೋಗಿ ನೋಡಿದ. ಬಲೆ ನೀಟಾಗಿ ಹೊಲಿದಿತ್ತು. ಯಾರೋ ಪ್ರತಿ ಮಳೆಗಾಲವೂ ತಮ್ಮದರ ಜೊತೆ ಅವನದನ್ನೂ ಹೊಲಿದಿಟ್ಟಿದ್ದರು.

"ದೇಖೋ ನಾ ಟೀಚರ್" ಎಂದಷ್ಟೇ ಹೇಳಿದ. ದನಿ ಐದನೇ ಕ್ಲಾಸಿನದ್ದೇ.

"ಪೂರ್ಣಿಮೆಗೆ ಇಳಿಸ್ತೀಯಾ?"

"ರಿಪೇರಿ ಇಲ್ಲ ಅಂದ್ರೆ ಇಳಿಸ್ತೇನೆ."

ಹೊರಟೆ. ವಿದ್ಯಾ ಕುಂಕುಮ ಕೊಟ್ಟಳು. ಚಪ್ಪಲಿ ಮೆಟ್ಟಿಕೊಂಡೆ, ಕೊಡೆ ಕೈಗೆತ್ತಿಕೊಂಡೆ. ಇಷ್ಟೆಲ್ಲ ಆದ ಮೇಲೂ ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು.

"ಬರ್ತೇನೆ."

ಸುಧೀರ ಬಾಗಿಲಿಗೆ ಕೈಕೊಟ್ಟು ನಿಂತಿದ್ದ.

"ಯಾವಾಗ ಟೀಚರ್?"

ಇಷ್ಟು ವರ್ಷದಲ್ಲಿ, ಇಷ್ಟು ಬಾಗಿಲುಗಳಲ್ಲಿ, ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ತಮಾಷೆ ಮಾಡುತ್ತಿದ್ದಾನೇನೋ ಎಂದು ಮುಖ ನೋಡಿದೆ. ತಮಾಷೆಯಲ್ಲ.

"ಬುಧವಾರ" ಎಂದೆ. "ನಾಲ್ಕು ಗಂಟೆಗೆ."

ಇವತ್ತು ಬುಧವಾರ, ಮೂರೂಮುಕ್ಕಾಲಾಯಿತು, ಮಳೆ ಜೋರಾಗಿದೆ. ನನ್ನ ಕೊಡೆ ಎಲ್ಲಿಟ್ಟೆ?